ಕೋವಿ ಮನೆ

ರಾಮಾಪುರದಲ್ಲಿ ಬಸ್ಸಿಳಿದು ಕೋವಿ ಮನೆ ಎಲ್ಲಿ ಎಂದು ಯಾರನ್ನಾದರೂ ಕೇಳಿದರೆ ಸಾಕಿತ್ತು. ಕಾಡಂಚಿನ ಹಳ್ಳಿಯ ದಾರಿ ತೋರಿಸಿ, "ಷಡಕ್ಷರಪ್ಪೋರ ಮನೆ ತಾನೆ, ಸೀದಾ ಓಗಿ" ಎಂದು ಮರ್ಯಾದೆಯಾಗಿ ಕಳಿಸುತ್ತಿದ್ದರು. ಆ ಮರ್ಯಾದೆಯ ಮೇಲೆಯೇ ಅವರ ಹೆಂಡತಿ ಚನ್ನಾಜಮ್ಮ ಬದುಕಿದ್ದರು ಎಂದರೆ ಹೆಚ್ಚಾದೀತು. ಆದರೆ ಕೊಳ್ಳೇಗಾಲದ ಸೀರೆ ಅಂಗಡಿಯಲ್ಲಾಗಲಿ, ಯಳಂದೂರಿನ ತವರಿನ ಮದುವೆಯಲ್ಲಾಗಲಿ, ನೀವು ಯಾವ ಮನೆಯವರು ಎಂದು ಯಾರಾದರೂ ಕೇಳಿದರೆ, "ಕೋವಿ ಮನೆಯೋರು" ಎಂದು ಹೇಳಿ ಸೆರಗು ಸರಿಮಾಡಿಕೊಳ್ಳುತ್ತಿದ್ದುದು ಮಾತ್ರ ಸುಳ್ಳಲ್ಲ.

ತಮಾಷೆಯೆಂದರೆ ಆ ಕೋವಿ ಈವರೆಗೆ ಒಂದು ಇಲಿಯನ್ನೂ ಕೊಂದಿರಲಿಲ್ಲ. ಲಿಂಗ ಕಟ್ಟಿದ ಮನೆ, ಪಕ್ಕದವರು ಮೊಟ್ಟೆ ಬೇಯಿಸಿದರೆ ಕಿಟಕಿ ಮುಚ್ಚುವ ಜನ. ಷಡಕ್ಷರಪ್ಪನವರ ತಂದೆಯ ಕಾಲದಲ್ಲಿ ಬೆಳೆ ಕಾಯಲೆಂದು ಲೈಸೆನ್ಸ್ ಸಿಕ್ಕಿದ ಒಂಟಿ ನಳಿಗೆಯ ಕೋವಿ ಅದು. ಹಂದಿ ಬಂದರೆ ಆಕಾಶಕ್ಕೆ ಒಂದು ಈಡು ಹಾರಿಸುವುದು, ಹಂದಿ ಪಕ್ಕದವರ ಹೊಲಕ್ಕೆ ನುಗ್ಗುವುದು, ಬೆಳಗ್ಗೆ ಪಕ್ಕದವರು ಬಂದು ಬೈಯುವುದು, ಇಷ್ಟೇ ಅದರ ಕೆಲಸ. ಉಳಿದ ಹೊತ್ತೆಲ್ಲ ನಡುಮನೆಯ ಗೂಟದಲ್ಲಿ ನೇತಾಡಿಕೊಂಡು ನೆಂಟರ ಬಾಯಲ್ಲಿ ಹೊಗಳಿಸಿಕೊಳ್ಳುತ್ತಿತ್ತು.

ಆಯುಧಪೂಜೆಗೆ ಆ ಮನೆಯಲ್ಲೊಂದು ಪದ್ಧತಿ. ಬರಿದಾದ ಕೋವಿಗೆ ಪೂಜೆ ಮಾಡುವಂತಿಲ್ಲ. ಮೊದಲು ತೋಟಾ ತುಂಬಬೇಕು. ಆಮೇಲೆ ವಿಭೂತಿ ಹಚ್ಚಿ, ಚೆಂಡುಹೂ ಮುಡಿಸಿ, ಆರತಿ ಎತ್ತಿ, ಅಂಗಳಕ್ಕೆ ತಂದು ಆಕಾಶಕ್ಕೆ ಹಬ್ಬದ ಈಡು ಹಾರಿಸಬೇಕು. ಆ ಸದ್ದು ಕೇಳಿದ ಮೇಲೆಯೇ ಊರಿನವರು ಒಬ್ಬಟ್ಟಿಗೆ ಎಲೆ ಹಾಕುತ್ತಿದ್ದುದು. ಈ ಸಲ ಆರತಿ ಎತ್ತುತ್ತಿರುವಾಗಲೇ ಎದುರು ಮನೆಯಿಂದ ಅಳು ಕೇಳಿಸಿತು. ಕೆಂಚಯ್ಯನ ತಾಯಿ ಕಣ್ಣುಮುಚ್ಚಿದ್ದರು.

"ಎದುರುಗಡೆ ಎಣ ಮಡೀಕಂಡು ನಾವ್ ಈಡ್ ಒಡಿಯಾದಾ, ಬುಡು" ಎಂದು ಷಡಕ್ಷರಪ್ಪ ಟವಲ್ ಹೆಗಲಿಗೆ ಹಾಕಿಕೊಂಡು ಎದ್ದರು. ಮಗ ಗುರುಪ್ರಕಾಶ್ ಚಪ್ಪರಕ್ಕೆ ಗಳ ಹೊರಲು ಓಡಿದ. ಚನ್ನಾಜಮ್ಮ ಆರತಿ ತಟ್ಟೆ ಇಳಿಸಿ, ಕೋವಿಯನ್ನು ಹೂವಿನ ಸಮೇತ ಎತ್ತಿ ಗೂಟಕ್ಕೆ ಹಾಕಿ, ಬಾಗಿಲು ಮುಂದೆ ಮಾಡಿ ತಾವೂ ಹೊರಟರು.

ಹಬ್ಬ ಕಳೆದ ವಾರದಲ್ಲೇ ಊರಿಗೆ ಚಿರತೆಯ ಕಾಟ ಹತ್ತಿಕೊಂಡಿತು. ಮೊದಲು ಪುಟ್ಟಮಾದಯ್ಯನ ಕೊಟ್ಟಿಗೆಯಿಂದ ಕರು ಹೋಯಿತು. ಆಮೇಲೆ ಸ್ಕೂಲಿನ ದಾರಿಯಲ್ಲೇ ಒಂದು ನಾಯಿಯ ಅರ್ಧ ಮೈ ಸಿಕ್ಕಿತು. ಸ್ಕೂಲು ಇರುವುದು ಊರಾಚೆ. ಅಲ್ಲಿಗೆ ಹೋಗುವ ಕಾಲುದಾರಿಯ ಎರಡೂ ಪಕ್ಕ ಆಳೆತ್ತರಕ್ಕೆ ನಿಂತ ಮುಸುಕಿನ ಜೋಳ. ಒಳಗೆ ಆನೆ ನಿಂತಿದ್ದರೂ ಗೊತ್ತಾಗುವಂತಿರಲಿಲ್ಲ, ಇನ್ನು ಚಿರತೆಯ ಮಾತೇನು. ಫಾರೆಸ್ಟಿನವರು ಬೋನು ತಂದಿಟ್ಟು ಒಂದು ಮೇಕೆ ಕಟ್ಟಿದರು. ಊರಿನವರೆಲ್ಲ ಸೊಪ್ಪು ಹಾಕಿ ಹಾಕಿ ಮೇಕೆ ದಪ್ಪವಾಯಿತೇ ಹೊರತು ಚಿರತೆ ಅತ್ತ ಸುಳಿಯಲಿಲ್ಲ.

ಸ್ಕೂಲಿನಲ್ಲಿ ಪೋಷಕರ ಸಭೆ ಸೇರಿತು. ಅಲ್ಲಿನ ಟೀಚರ್ ನಾಗಶ್ರೀ ಬೇರೆ ಯಾರೂ ಅಲ್ಲ, ಕೋವಿ ಮನೆಯ ಸೊಸೆ, ಗುರುಪ್ರಕಾಶನ ಹೆಂಡತಿ. ಅವಳು ಎದ್ದು ನಿಂತು ನೇರವಾಗಿ ಹೇಳಿದಳು.

"ದಾರಿಯ ಎರಡೂ ಪಕ್ಕ ಒಂದಷ್ಟು ಸಾಲು ಜೋಳ ಕಡಿದುಬಿಡಿ. ಮರೆ ಇಲ್ಲ ಅಂದ್ರೆ ಅದು ಅಲ್ಲಿ ನಿಲ್ಲಲ್ಲ. ಮಕ್ಕಳಿಗೂ ದೂರದಿಂದ ಕಾಣುತ್ತೆ."

ಸಭೆಗೆ ಸಭೆಯೇ ನೆಲ ನೋಡತೊಡಗಿತು. ಜೋಳ ಆಗತಾನೆ ಹಾಲುಗಾಳು ಕಟ್ಟುತ್ತಿತ್ತು.

"ಕಾಳು ಕಟ್ಟೋ ಒತ್ನಲ್ಲಿ ಕಡೀರಿ ಅಂತೀರಲ್ಲ ಮೇಡಮ್ಮೋರೆ" ಎಂದ ಪುಟ್ಟಮಾದಯ್ಯ. "ಕರುನೂ ಓಯ್ತು, ಬೆಳೆನೂ ಓಗ್ಲಾ?"

ಸ್ಕೂಲ್ ಸಮಿತಿಯ ಅಧ್ಯಕ್ಷ ಪರಮೇಶ ಗಂಟಲು ಸರಿಮಾಡಿಕೊಂಡ. "ಅದೆಲ್ಲ ಯಾಕ? ಷಡಕ್ಷರಪ್ಪೋರ ಕೋವಿ ಅದಲ್ಲ. ಅವರು ಕೋವಿ ಇಡ್ಕಂಡು ಮಕ್ಕಳ ಮುಂದ ನಡುದ್ರ ಸಾಕು. ಯಾವ್ ಚಿರತೆ ಬಂದದು?"

ಎಲ್ಲರ ತಲೆಗಳೂ ಒಟ್ಟಿಗೆ ಆಡಿದವು. ಆಡದೆ ಏನು, ಯಾರ ಹೊಲದ ಒಂದು ತೆನೆಯೂ ಹೋಗುವಂತಿರಲಿಲ್ಲ.

ಅಂದು ಸಂಜೆ ಊಟಕ್ಕೆ ಕೂತಾಗ ಷಡಕ್ಷರಪ್ಪ ಮುದ್ದೆ ಮುರಿಯುತ್ತ ಸುದ್ದಿ ತೆಗೆದರು. ಅವರ ಮುಖ ಮದುವೆ ಮನೆಯ ಯಜಮಾನನ ಮುಖವಾಗಿತ್ತು.

"ನಾಳಿಂದ ನಾನೇ ಮಕ್ಕಳ್ನ ಕರ್ಕಂಡ್ ಓಗಾದು. ಊರೇ ಬಂದು ಕೇಳ್ಕಂಡದ."

"ನೀವು ಬನ್ನಿ ಮಾವ. ಕೋವಿ ಬೇಡ" ಎಂದಳು ನಾಗಶ್ರೀ.

"ಕೋವಿ ಇಲ್ದ ಬಂದ್ರ ಚಿರತೆ ನಂಗ ನಮಸ್ಕಾರ ಮಾಡಾದಾ?"

"ಚಿರತೆಗೆ ನೀವು ಗುಂಡು ಹೊಡೆಯೋ ಹಾಗೇ ಇಲ್ಲ. ಹೊಡೆದ್ರೆ ಜೈಲು. ಅಂದಮೇಲೆ ಆ ಕೋವಿ ಯಾರಿಗೆ ಹೇಳಿ?"

"ಎದ್ರಿಸಾಕ ಕಣವ್ವ."

"ಹೆದರಿಸೋಕೆ ತಟ್ಟೆ ಬಡಿದ್ರೂ ಆಗುತ್ತೆ."

ಗುರುಪ್ರಕಾಶನಿಗೆ ಹನೂರಿನಲ್ಲಿ ಪಂಪು, ಡ್ರಿಪ್ ಪೈಪಿನ ಅಂಗಡಿ. ದಿನವಿಡೀ ಗಿರಾಕಿಗಳನ್ನು ಒಪ್ಪಿಸಿದವನಿಗೆ ಹೆಂಡತಿಯನ್ನು ಒಪ್ಪಿಸುವುದು ಯಾವತ್ತೂ ಆಗಿರಲಿಲ್ಲ. ಆದರೂ ಬಾಯಿ ಹಾಕಿದ. "ಅಪ್ಪಾಜಿಗ ಊರ್ ಕೊಟ್ಟಿರೋ ಮರ್ವಾದಿ ಕಣೆ ಅದು. ನೀನ್ಯಾಕ ಅಡ್ಡ ಬಂದೀಯ?"

"ಹೋದ ತಿಂಗಳು ಟಿವಿ ಮುಂದೆ ಕೂತು ನೀವೆಲ್ಲ ಅಯ್ಯೋ ಪಾಪ ಅಂದಿರಲ್ಲ, ಅಮೆರಿಕದ ಸ್ಕೂಲಲ್ಲಿ ಗುಂಡು ಹಾರಿಸಿದ್ರು ಅಂತ. ಅಲ್ಲೂ ಇದೇ ಜಗಳ. ಮಕ್ಕಳನ್ನ ಕಾಯೋಕೆ ಟೀಚರ್ ಕೈಗೂ ಬಂದೂಕ ಕೊಡಿ ಅಂತ ಒಂದು ಕಡೆ, ಸ್ಕೂಲ್ ಹತ್ರ ಬಂದೂಕಾನೇ ಬೇಡ ಅಂತ ಇನ್ನೊಂದು ಕಡೆ."

"ಅದು ಅಮೆರಿಕ. ಇದು ನಮ್ಮೂರು. ಇಲ್ಲಿ ಮಕ್ಕಳ್ನ ಕೊಲ್ಲೋರ್ ಯಾರವ್ವ ಅವ್ರೆ?" ಎಂದರು ಷಡಕ್ಷರಪ್ಪ.

"ಕೊಲ್ಲೋರು ಬೇಕಾಗಿಲ್ಲ ಮಾವ. ಮರೆಯೋರು ಒಬ್ಬರಿದ್ರೆ ಸಾಕು."

ಮಜ್ಜಿಗೆ ಬಡಿಸುತ್ತಿದ್ದ ಚನ್ನಾಜಮ್ಮನಿಗೆ ರೇಗಿಹೋಯಿತು. ಈ ಮನೆಗೆ ಬಂದ ದಿನದಿಂದ ಆ ಕೋವಿಯ ಧೂಳು ಒರೆಸಿದವರು ಅವರು. ಗಂಡನಿಗೆ ಮರೆವು ಎಂದರೆ ತಮಗೇ ಅಂದ ಹಾಗಾಯಿತು.

"ಏ ನಾಗು, ನಮ್ಮನೆ ಕೋವಿ ಇಲ್ಲೀಗಂಟ ಯಾರ ಕೂದ್ಲೂ ಕೊಂಕ್ಸಿಲ್ಲ. ನೀನು ಮೇಡಮ್ಮು ಸ್ಕೂಲಲ್ಲಿ. ಇಲ್ಲಿ ಸೊಸೆ. ಇರಿಯೋರ್ ಏಳ್ದಾಗ ಊಂ ಅನ್ನು."

ನಾಗಶ್ರೀ ತಟ್ಟೆಯಲ್ಲೇ ಕೈ ತೊಳೆದು ಎದ್ದಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. "ಸರಿ ಅತ್ತೆ. ಆದ್ರೆ ಕೋವಿ ಬರಿದಾಗಿರಬೇಕು. ಸ್ಕೂಲ್ ಗೇಟಿನ ಒಳಗೆ ಬರಬಾರದು."

"ಲಿಂಗದಾಣೆ" ಎಂದರು ಷಡಕ್ಷರಪ್ಪ. "ತೋಟಾ ನನ್ ಜೇಬಲ್ಲಿ, ಕೋವಿ ಬರ್ದು. ಸಾಕಾ?"

ಮಾರನೆಯ ದಿನದಿಂದ ಊರಿಗೆ ಅದೊಂದು ಮೆರವಣಿಗೆಯೇ ಆಯಿತು. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೋವಿ ಹೆಗಲಿಗೇರಿಸಿ ಷಡಕ್ಷರಪ್ಪ ಮುಂದೆ. ಹಿಂದೆ ಮೊಮ್ಮಗಳು ಪವಿತ್ರ. ಏಳನೇ ಕ್ಲಾಸು, ಆ ಸ್ಕೂಲಿಗೇ ದೊಡ್ಡವಳು. ಅವಳ ಹಿಂದೆ ನೀಲಿ ಯೂನಿಫಾರ್ಮಿನ ಸಾಲು. ಚನ್ನಾಜಮ್ಮ ಮುಸುರೆ ಕೈಯಲ್ಲೇ ಜಗಲಿಗೆ ಬಂದು ನಿಲ್ಲುತ್ತಿದ್ದರು. ಸಾಲು ಜೋಳದೊಳಗೆ ಮರೆಯಾಗುವವರೆಗೂ ನೋಡಿ, ಎದುರು ಮನೆಗೆ ಕೇಳುವಷ್ಟು ಜೋರಾಗಿ, "ವಯಸ್ಸಾದ್ರೂ ನಡಿಗೆ ನೋಡು" ಎನ್ನುತ್ತಿದ್ದರು.

ಒಂದು ದಿನ ಗುರುಪ್ರಕಾಶ್ ಹನೂರಿಗೆ ಹೊರಟವನು ಸ್ಕೂಲ್ ಗೇಟಿನ ಹೊರಗೆ ಬೈಕ್ ನಿಲ್ಲಿಸಿದ. ಷಡಕ್ಷರಪ್ಪ ನೀರು ಕುಡಿಯಲೆಂದು ಕೋವಿಯನ್ನು ಪವಿತ್ರಳ ಕೈಗೆ ಕೊಟ್ಟಿದ್ದರು. ಅವಳು ತಾತನ ಹಾಗೆಯೇ ಗದ್ದ ಎತ್ತಿ ನಿಂತಳು. ಇವನು ಫೋಟೋ ಹೊಡೆದು ಸ್ಟೇಟಸ್ಸಿಗೆ ಹಾಕಿದ. ಹನೂರಿನ ಅಂಗಡಿಯವರೆಲ್ಲ ಭೇಷ್ ಎಂದರು. ಪವಿತ್ರ ಅದನ್ನು ಅಜ್ಜಿಯ ಫೋನಿಗೂ ಹಾಕಿಕೊಟ್ಟಳು. ಫೋನ್ ತೆರೆದಾಗಲೆಲ್ಲ ಮೊದಲು ಅದೇ ಕಾಣಬೇಕು, ಹಾಗೆ.

ಆ ದಿನ ನಾಗಶ್ರೀ ಮನೆಗೆ ಬಂದವಳೇ ಬ್ಯಾಗನ್ನು ಮಂಚಕ್ಕೆ ಎಸೆದಳು.

"ಅದನ್ನ ತೆಗೀರಿ" ಎಂದಳು ಗಂಡನಿಗೆ. "ಮೂರನೇ ಕ್ಲಾಸಿನವು ಜೋಳದ ದಂಟು ಹಿಡಿದು ಢಂ ಢಂ ಅಂತ ಒಬ್ಬರಿಗೊಬ್ಬರು ಗುರಿ ಇಡ್ತಿದ್ದಾವೆ. ಚಿರತೆ ಆಗು ಅಂದ್ರೆ ಒಂದೂ ಒಪ್ಪಲ್ಲ, ಎಲ್ಲಕ್ಕೂ ಕೋವಿ ತಾತಾನೇ ಆಗಬೇಕು. ಇದನ್ನ ಕಲಿಸೋಕಾ ನಾನು ಸ್ಕೂಲಿಗೆ ಹೋಗೋದು?"

"ಆಡ್ಕಳ್ಲಿ ಬುಡು, ಮಕ್ಕಳು" ಎಂದರು ಚನ್ನಾಜಮ್ಮ. "ನಿಂಗ ನಿಮ್ಮಾವಂಗ ಯೆಸ್ರು ಬಂದ್ರ ಒಟ್ಟೆಯುರಿ."

ಅದಾದ ಮೇಲೆ ಅತ್ತೆ ಸೊಸೆಯ ನಡುವೆ ಮಾತು ಸಾರು, ಉಪ್ಪು, ಗ್ಯಾಸಿಗೆ ಇಳಿಯಿತು. ಬುತ್ತಿ ಡಬ್ಬಿಯನ್ನು ಚನ್ನಾಜಮ್ಮ ತುಂಬಿ ಇಡುತ್ತಿದ್ದರು, ನಾಗಶ್ರೀ ತೆಗೆದುಕೊಂಡು ಹೋಗುತ್ತಿದ್ದಳು. ಹುಚ್ಚೆಳ್ಳು ಚಟ್ನಿ ಚೆನ್ನಾಗಿತ್ತು ಎಂಬ ಮಾತು ಬರಲಿಲ್ಲ. ಚನ್ನಾಜಮ್ಮನಿಗೆ ಅದು ಕೋವಿಯ ಜಗಳಕ್ಕಿಂತ ಹೆಚ್ಚಾಗಿ ಚುಚ್ಚಿತು.

ಅಷ್ಟರಲ್ಲಿ ಪಂಚಾಯ್ತಿ ಚುನಾವಣೆ ಗೊತ್ತಾಯಿತು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳೆಲ್ಲ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕೂರಬೇಕು, ವೋಟು ಎಣಿಸಿದ ಮೇಲೆಯೇ ಮನೆಗೆ. ಷಡಕ್ಷರಪ್ಪ ಕೋವಿಗೆ ಹಳೆ ಪಂಚೆ ಸುತ್ತಿಕೊಂಡು ರಾಮಾಪುರಕ್ಕೆ ಹೊರಟರು. ಕಣ್ಣಿನ ಡ್ರಾಪ್ಸ್ ಮುಗಿದಿತ್ತೆಂದು ಚನ್ನಾಜಮ್ಮನೂ ಹೊರಟರು. ಬಸ್ಸಿನಲ್ಲಿ ಕೋವಿಯನ್ನು ಇಬ್ಬರ ಮಂಡಿಯ ನಡುವೆ ನಿಲ್ಲಿಸಿಕೊಂಡಿದ್ದರು. ಮುಂದಿನ ಸೀಟಿನ ಹೆಂಗಸು ಮಗು ಎತ್ತಿಕೊಂಡು ಕೂತಿದ್ದಳು. ಮಗು ಕೈ ಚಾಚಿ ಚಾಚಿ ಪಂಚೆಯ ಅಂಚು ಎಳೆಯುತ್ತಿತ್ತು. ಚನ್ನಾಜಮ್ಮ ಅದರ ಕೆನ್ನೆ ಚಿವುಟಿ ಆಡಿಸಿದರು.

ಸ್ಟೇಷನ್ನಿನಲ್ಲಿ ಕಾನ್‌ಸ್ಟೆಬಲ್ ರಂಗಸ್ವಾಮಿ ಪರಿಚಯದವನೇ. "ಬನ್ನಿ ಯಜಮಾನ್ರೆ, ನಿಮ್ದೇ ಬಾಕಿ ಇದ್ದದ್ದು" ಎಂದು ಕೋವಿ ಇಸಿದುಕೊಂಡು ಮೇಜಿನ ಮೇಲೆ ನಳಿಗೆ ಬಗ್ಗಿಸಿ ಮುರಿದು ತೆರೆದ.

ನಳಿಗೆಯ ಹಿಂಬದಿಯಲ್ಲಿ ತೋಟಾ ಕೂತಿತ್ತು. ಹಿತ್ತಾಳೆಯ ತಳ ಹೊಳೆಯುತ್ತಿತ್ತು. ಈಡು ಹಾರಿಸುವ ಕೊಕ್ಕೆಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚೆಂಡುಹೂವಿನ ಒಣ ಎಸಳು ಮೇಜಿನ ಮೇಲೆ ಉದುರಿತು.

ರಂಗಸ್ವಾಮಿ ತೋಟಾ ಹೊರಗೆಳೆದು ಅಂಗೈಯಲ್ಲಿಟ್ಟುಕೊಂಡು ನೋಡಿದ. "ಏನ್ ಯಜಮಾನ್ರೆ, ತುಂಬ್ಕಂಡೇ ಬಸ್ಸಲ್ಲಿ ಬಂದ್ರಾ?"

ಷಡಕ್ಷರಪ್ಪ ಆ ಎಸಳನ್ನು ಎತ್ತಿ ನೋಡಿದರು. ಮೇಜಿನ ಅಂಚು ಹಿಡಿದುಕೊಂಡರು. ಪರಿಚಯಕ್ಕೆ ರಂಗಸ್ವಾಮಿ ಬೈಯಲಿಲ್ಲ, ಆದರೆ ಮುಂಚಿನ ಹಾಗೆ ಟೀ ತರಿಸಲೂ ಇಲ್ಲ.

ಬಸ್ ಸ್ಟಾಪಿನ ಕಲ್ಲಿನ ಮೇಲೆ ಗಂಡ ಹೆಂಡತಿ ಕೂತರು. ಒಂದು ಬಸ್ಸು ಬಂದು ಹೋಯಿತು, ಇಬ್ಬರೂ ಏಳಲಿಲ್ಲ.

"ಹಬ್ಬದ ತೋಟಾ" ಎಂದರು ಷಡಕ್ಷರಪ್ಪ ಕೊನೆಗೆ. "ಗುರು ತೆಗ್ದಿರ್ತಾನ ಅಂದ್ಕಂಡಿದ್ದೆ."

"ನೀವು ತೆಗ್ದಿರ್ತೀರ ಅಂದ್ಕಂಡು ನಾನು ಗೂಟಕ್ಕ ಆಕ್ದೆ."

"ಬರ್ದು ಬರ್ದು ಅಂದ್ಕಂಡೇ ದಿನಾ ಓದ್ನಲ್ಲ ಚನ್ನಾಜಿ. ಒಂದ್ ದಿನ ಮುರ್ದು ನೋಡ್ನಿಲ್ಲ."

ಚನ್ನಾಜಮ್ಮ ಹೊತ್ತೆಷ್ಟಾಯಿತೆಂದು ನೋಡಲು ಫೋನ್ ತೆಗೆದರು. ಆ ಫೋಟೋ ಎದ್ದು ನಿಂತಿತು. ಇಷ್ಟು ದಿನ ಮೊಮ್ಮಗಳ ಮುಖವನ್ನೇ ನೋಡಿದ್ದರು. ಈಗ ಕಣ್ಣು ಅವಳ ಕೈಗೆ ಹೋಯಿತು. ಬೆರಳು ಕೊಕ್ಕೆಯ ಮೇಲಿತ್ತು. ನಳಿಗೆ ಓರೆಯಾಗಿ ಹಿಂದಕ್ಕೆ ತಿರುಗಿತ್ತು. ಅದರ ತುದಿಯ ನೇರಕ್ಕೆ ಕೆಂಚಯ್ಯನ ಮೊಮ್ಮಗಳು, ಒಂದನೇ ಕ್ಲಾಸಿನ ಕೂಸು, ಮುಂದಿನ ಹಲ್ಲು ಬಿದ್ದ ಬಾಯಲ್ಲಿ ನಗುತ್ತ ನಿಂತಿತ್ತು. ಚನ್ನಾಜಮ್ಮ ಫೋನನ್ನು ಗಂಡನ ಮುಂದೆ ಹಿಡಿದರು.

"ಮನೇಲಿ ಏಳ್ಬ್ಯಾಡ" ಎಂದರು ಷಡಕ್ಷರಪ್ಪ ಮೆತ್ತಗೆ. "ಕೋವಿ ಎಂಗೂ ಸ್ಟೇಷನ್ನಲ್ಲಿ ಅದ. ಯಾರ್ಗೂ ಏನೂ ಆಗ್ನಿಲ್ವಲ್ಲ."

"ಆಗ್ನಿಲ್ಲ ಅನ್ನಾದು ನಮ್ ಬುದ್ಧಿವಂತಿಕೆನಾ?" ಚನ್ನಾಜಮ್ಮ ದನಿ ಎತ್ತಲಿಲ್ಲ. "ಕೆಂಚಯ್ಯನ ತಾಯಿ ಎಣಕ್ಕ ಮರ್ವಾದಿ ಕೊಟ್ಟು ಈಡು ಒಡೀನಿಲ್ಲ ನೀವು. ಅವತ್ತು ನಂಗ ಎಷ್ಟ್ ಎಮ್ಮೆ ಆಯ್ತು ಗೊತ್ತಾ. ಅದೇ ತೋಟಾನ ಅವನ ಮೊಮ್ಮಗಳ ಮುಂದ ಇಡ್ದೋ."

"ಊರ್ನಲ್ಲಿ ತಲೆ ಎತ್ತೋದ್ ಎಂಗೆ ಆಮೇಲೆ?"

"ಮದ್ವೆ ಆದಾಗಿಂದ ಕೋವಿ ಮನೆಯೋಳು ಅಂತ ಎದೆ ಉಬ್ಬಿಸ್ಕಂಡ್ ತಿರುಗ್ದೆ. ಇವತ್ತು ನೀವು ಬಾಯ್ ಮುಚ್ಕಂಡ್ರ, ನಾಳಿಂದ ಯಾವ ಮನೆಯೋಳು ಅಂತ ಏಳ್ಕಳ್ಲಿ? ನೀವೇ ಏಳಿ. ಇಲ್ಲಾಂದ್ರ ನಾನು ಏಳ್ತೀನಿ. ಆಗ ನಿಮ್ ತಲೆ ಇನ್ನೂ ಕೆಳಕ್ಕ ಓಯ್ತದ."

ಮುಂದಿನ ಬಸ್ಸು ಬಂತು. ಹತ್ತಿದರು. ಡ್ರಾಪ್ಸ್ ತರುವುದು ಇಬ್ಬರಿಗೂ ಮರೆತೇ ಹೋಗಿತ್ತು.

ಸಂಜೆ ತಟ್ಟೆ ಹಾಕಿದಾಗ ಷಡಕ್ಷರಪ್ಪ ಕೂರಲಿಲ್ಲ. ಕಂಬಕ್ಕೆ ಒರಗಿ ನಿಂತೇ ಹೇಳಿದರು. ಒಂದು ಮಾತನ್ನೂ ಮುಚ್ಚಿಡಲಿಲ್ಲ, ಮಗ ತೆಗೆದಿರುತ್ತಾನೆ ಎಂದುಕೊಂಡಿದ್ದೆ ಎಂಬ ಸಬೂಬನ್ನೂ ಹೇಳಲಿಲ್ಲ. "ತುಂಬ್ದೋನು ನಾನು. ತೆಗೀಬೇಕಾದೋನೂ ನಾನೇ" ಎಂದರು.

ಗುರುಪ್ರಕಾಶ್ ಕೈಯ ತುತ್ತನ್ನು ತಟ್ಟೆಗೆ ಇಳಿಸಿದ. ನಿಧಾನವಾಗಿ ಫೋನ್ ತೆಗೆದು, ಆ ಫೋಟೋ ಅಳಿಸಿ, ಫೋನನ್ನು ಬೋರಲು ಇಟ್ಟ. ನಾಗಶ್ರೀ ಎದ್ದು ಒಳಕೋಣೆಗೆ ಹೋದಳು. ಓದುತ್ತ ಕೂತಿದ್ದ ಪವಿತ್ರಳನ್ನು ಹಿಂದಿನಿಂದ ತಬ್ಬಿಕೊಂಡಳು. "ಏನಮ್ಮಾ, ಬಿಡು" ಎಂದು ಹುಡುಗಿ ಕೊಸರಿದ್ದು ಹೊರಗೆ ಕೇಳಿಸಿತು.

ಈಗ ಬರುತ್ತಾಳೆ, ಈಗ ನಮ್ಮ ಮಾನ ಹರಾಜು ಹಾಕುತ್ತಾಳೆ ಎಂದು ಚನ್ನಾಜಮ್ಮ ಸೆರಗಿನ ತುದಿ ಹಿಡಿದು ಕಾದರು. ಹಾಕಲಿ, ಹಾಕಬೇಕಾದ್ದೇ ಎಂದೂ ಅನ್ನಿಸಿತು. ನಾಗಶ್ರೀ ಬಂದಳು. ಮಣೆ ಸರಿಸಿ, ಮಾವನ ತಟ್ಟೆಗೆ ಬಿಸಿ ಮುದ್ದೆ ಹಾಕಿ, ಸಾರು ಬಿಟ್ಟಳು.

"ಕೂತ್ಕೊಳ್ಳಿ ಮಾವ. ಆರೋಗುತ್ತೆ."

ಚನ್ನಾಜಮ್ಮನ ಕಣ್ಣು ತುಂಬಿಬಂತು. "ನಾಗು, ಅವತ್ತು ಸೊಸೆ ಅಂದು ಬಾಯಿ ಮುಚ್ಚಿಸ್ದೆ. ಮೇಡಮ್ಮು ಅಂದಿದ್ರ ಕೇಳಿರ್ತಿದ್ದೆ ಕಣವ್ವ."

"ಎರಡೂ ನಾನೇ ಅತ್ತೆ" ಎಂದಳು ನಾಗಶ್ರೀ. "ಹುಚ್ಚೆಳ್ಳು ಚಟ್ನಿ ಇದ್ರೆ ನನಗೂ ಸ್ವಲ್ಪ ಹಾಕಿ."

ಬೆಳಗ್ಗೆ ಮಕ್ಕಳನ್ನು ಬಿಡಲು ಬಂದವರೆಲ್ಲ ಸ್ಕೂಲ್ ಗೇಟಿನ ಬಳಿ ಇದ್ದರು. ಷಡಕ್ಷರಪ್ಪ ಬರಿಗೈಯಲ್ಲಿ ಬಂದು ಗೇಟಿನ ಹೊರಗೇ ನಿಂತರು. ಹಿಂದೆ ಚನ್ನಾಜಮ್ಮ. ನಿನ್ನೆ ಮನೆಯಲ್ಲಿ ಹೇಳಿದ್ದನ್ನೇ ಇಲ್ಲಿಯೂ ಹೇಳಿದರು. ದನಿ ಎರಡು ಕಡೆ ಒಡೆಯಿತು, ಆದರೆ ನಿಲ್ಲಲಿಲ್ಲ.

"ಓಗ್ಲಿ ಬುಡಿ ಷಡಕ್ಷರಪ್ಪೋರೆ" ಎಂದ ಪರಮೇಶ. "ಎಲ್ರ ಮುಂದ ಯಾಕ ಇದೆಲ್ಲ?"

"ಎಲ್ರ ಮಕ್ಕಳೂ ನನ್ ಇಂದೆ ನಡ್ದವ್ರೆ ಕಣಪ್ಪ. ಅದಕ್ಕ."

ಕೆಂಚಯ್ಯ ಮೊಮ್ಮಗಳ ಕೈ ಬಿಡದೆ ಕೇಳಿದ. "ಆ ಫೋಟೋ ಒಡ್ದಾಗ್ಲೂ ತೋಟಾ ಒಳಗಿತ್ತಾ?"

"ಊಂ ಕಣ್ಲಾ. ಇತ್ತು."

ಕೆಂಚಯ್ಯ ಮೊಮ್ಮಗಳನ್ನು ಗೇಟಿನೊಳಗೆ ಬಿಟ್ಟು, ತಲೆ ತಗ್ಗಿಸಿ ಮನೆ ಕಡೆ ನಡೆದ. ಚನ್ನಾಜಮ್ಮನಿಗೆ ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು.

"ಕೋವಿ ಇನ್ನು ಈ ಊರಿಗ ಬರಾಕಿಲ್ಲ" ಎಂದರು ಷಡಕ್ಷರಪ್ಪ. "ಮೇಡಮ್ಮು ಮೊದ್ಲೇ ಏಳಿದ್ರು, ಮರೆ ತೆಗೀರಿ ಅಂತ. ಜೋಳ ಓಯ್ತದ ಅಂತ ಕೋವಿ ಇಡುದ್ವಿ. ನನ್ ಒಲ ನಾನು ಕಡೀತೀನಿ. ನಿಮ್ದು ನಿಮ್ ಇಷ್ಟ."

ಮನೆಯಿಂದ ಎರಡು ಕುಡುಗೋಲು ತೆಗೆದುಕೊಂಡು ಹೊಲಕ್ಕೆ ಬಂದು, ಅಂಗಿ ಬಿಚ್ಚಿ ಬದುವಿನ ಮೇಲಿಟ್ಟು, ಕಡಿಯಲು ನಿಂತರು. ಹಾಲುಗಾಳಿನ ತೆನೆ ಹೊತ್ತ ದಂಟು ಹಸಿಹಸಿಯಾಗಿ ನೆಲಕ್ಕೆ ಬಿತ್ತು. ಚನ್ನಾಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ಸಾಲಿಗೆ ಇಳಿದರು. ಬಹಳ ಹೊತ್ತು ಇಬ್ಬರದೇ ಸದ್ದು. ಆಮೇಲೆ ದಾರಿಯ ಆಚೆ ಬದಿಯಿಂದಲೂ ಸರಕ್ ಸರಕ್ ಕೇಳತೊಡಗಿತು. ಬಗ್ಗಿ ನೋಡಿದರೆ ಕೆಂಚಯ್ಯ. ತನ್ನ ಹೊಲಕ್ಕೆ ಕುಡುಗೋಲು ತಂದಿದ್ದ.

"ಬೀಡಿ ಅದಾ ಕೆಂಚ?" ಎಂದು ಷಡಕ್ಷರಪ್ಪ ಕೇಳಿದರು. ಅವರು ಬೀಡಿ ಸೇದುವವರೇ ಅಲ್ಲ. ಬೇರೆ ಏನು ಕೇಳಬೇಕೆಂದು ತೋಚಿರಲಿಲ್ಲ.

"ನೀವ್ಯಾವಾಗ ಕಲುತ್ರಿ?" ಎಂದ ಕೆಂಚಯ್ಯ, ಕಡಿಯುತ್ತಲೇ.

ಸಂಜೆಗೆ ಪುಟ್ಟಮಾದಯ್ಯನೂ ಗೊಣಗಿಕೊಂಡೇ ಬಂದ. ಇಬ್ಬರು ಕಡಿದ ಮೇಲೆ ತಾನೊಬ್ಬ ಉಳಿಸಿಕೊಂಡರೆ ಚಿರತೆಗೆ ಮನೆ ಕಟ್ಟಿಕೊಟ್ಟ ಹಾಗಾಗುತ್ತದಲ್ಲ. ಆ ವಾರವೆಲ್ಲ ಊರಿನ ದನಗಳಿಗೆ ಹಬ್ಬ. ನಾಗಶ್ರೀ ಪಾಳಿ ಮಾಡಿ ದಿನಕ್ಕಿಬ್ಬರು ದೊಡ್ಡವರನ್ನು ಮಕ್ಕಳ ಜೊತೆ ಹಾಕಿದಳು. ಷಡಕ್ಷರಪ್ಪ ಮಾತ್ರ ಪಾಳಿ ಇದ್ದರೂ ಇಲ್ಲದಿದ್ದರೂ ಹಳೆಯ ಸ್ಟೀಲ್ ತಟ್ಟೆ ಬಡಿದುಕೊಂಡು ಮುಂದೆ ನಡೆದರು. ಆ ದಾರಿಯಲ್ಲಿ ಚಿರತೆಯ ಹೆಜ್ಜೆ ಆಮೇಲೆ ಕಾಣಲಿಲ್ಲ. ಬೋನಿನ ಮೇಕೆಯೂ ದುಂಡಗಾಗಿ ಮನೆಗೆ ಹೋಯಿತು.

ವೋಟು ಎಣಿಸಿ ಮುಗಿದ ಮೇಲೆ ಒಂದು ಬೆಳಗ್ಗೆ ಚನ್ನಾಜಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ದಾರಿ ಬಯಲಾಗಿತ್ತು. ಜಗಲಿಯಿಂದ ಸ್ಕೂಲ್ ಗೇಟಿನವರೆಗೂ ನೀಲಿ ಸಾಲು ಕಾಣುತ್ತಿತ್ತು. ಮುಂದೆ ತಟ್ಟೆಯ ಸದ್ದು, ಕೊನೆಯಲ್ಲಿ ಚಿಕ್ಕ ಮಕ್ಕಳ ಕೈ ಹಿಡಿದ ನಾಗಶ್ರೀ. ಮೊದಲು ಜೋಳ ನುಂಗುವವರೆಗೆ ಮಾತ್ರ ಕಾಣುತ್ತಿದ್ದವರು ಈಗ ಗೇಟಿನೊಳಗೆ ಹೋಗುವವರೆಗೂ ಕಾಣುತ್ತಿದ್ದರು. ಚನ್ನಾಜಮ್ಮ ಒಂದೊಂದೇ ತಲೆಯನ್ನು ಕಣ್ಣಲ್ಲೇ ಒಳಗೆ ಕಳಿಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ಸ್ಟೇಷನ್ನಿನಿಂದ ಯಾರೋ ಹೊಸಬ.

"ಕೋವಿ ಮನೆಯೇನಮ್ಮ? ಎಲೆಕ್ಷನ್ ಮುಗೀತು, ಬಂದು ನಿಮ್ ಕೋವಿ ತಕಂಡೋಗಿ."

"ನಮ್ಗ ಬ್ಯಾಡ ಕಣಪ್ಪ. ಏನ್ ರುಜು ಆಕ್ಬೇಕೋ ನಮ್ಮೋರ್ ಬಂದು ಆಕ್ತಾರ."

"ಹಂಗಾದ್ರೆ ಇದು ಕೋವಿ ಮನೆ ಅಲ್ವಾ?"

ಚನ್ನಾಜಮ್ಮ ದೂರದ ಗೇಟಿನ ಕಡೆ ನೋಡಿದರು. ನಾಗಶ್ರೀ ಕೊನೆಯ ಮಗುವನ್ನು ಒಳಗೆ ಬಿಟ್ಟು ಗೇಟು ಎಳೆದುಕೊಳ್ಳುತ್ತಿದ್ದಳು.

"ಮನೆ ಅದೇ ಕಣಪ್ಪ" ಎಂದರು. "ಈಗ ಮೇಡಮ್ಮೋರ ಮನೆ ಅಂತಾರ."

ಫೋನಿನಲ್ಲಿರುವವನಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದರೂ ಸೆರಗು ಸರಿಮಾಡಿಕೊಂಡರು.